ಮನೆಯವರ ಹೆಸರು

ನಮ್ಮ ಮನೆಯಲ್ಲಿ ಮೊದಲು ಕಾಣೆಯಾದದ್ದು ಸೌಟು. ಸೌಟು ಎಂಬ ವಸ್ತುವಲ್ಲ. ಅದು ಒಲೆಯ ಪಕ್ಕದ ಮೊಳೆಯಲ್ಲಿ ಎಂದಿನಂತೆ ನೇತಾಡುತ್ತಿತ್ತು. ಕಾಣೆಯಾದದ್ದು ಸೌಟು ಎಂಬ ಮಾತು. ನನ್ನ ಹೆಂಡತಿ ಒಂದು ಬೆಳಿಗ್ಗೆ ಸಾರಿನ ಪಾತ್ರೆಯ ಮುಂದೆ ನಿಂತು, ಬಲಗೈಯನ್ನು ಗಾಳಿಯಲ್ಲಿ ಮುಳುಗಿಸಿ ಎತ್ತಿ, "ಅದು ಕೊಡಿ... ಅದೂ... ಹಿಂಗೆ ಹುಯ್ಯೋದು" ಅಂದಳು. ನಾನು ತಮಾಷೆಗೆಂದು ಚೊಂಬು ಕೊಟ್ಟೆ. ಅವಳು ಚೊಂಬನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದು, ಎರಡೂ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ, ತಾನೇ ಬಂದು ಸೌಟು ತೆಗೆದುಕೊಂಡಳು.

ಅದು ತೊಂಬತ್ತೇಳನೆಯ ಇಸವಿ. ನಾನು ಅರಸೀಕೆರೆಯಲ್ಲಿ ಪತ್ರಗಳನ್ನು ರಿಜಿಸ್ಟರ್ ಮಾಡುವ ಕಚೇರಿಯ ಗುಮಾಸ್ತಗಿರಿಯಿಂದ ನಿವೃತ್ತನಾಗಿ ಮೂರು ವರ್ಷವಾಗಿತ್ತು. ನಿವೃತ್ತ ಸರ್ಕಾರಿ ನೌಕರನಿಗೆ ಮನೆಯಲ್ಲಿ ಉಳಿಯುವ ಏಕೈಕ ಅಧಿಕಾರವೆಂದರೆ ತಪ್ಪು ಹುಡುಕುವುದು. ಅದನ್ನು ನಾನು ಯಾವ ಪಕ್ಷಪಾತವೂ ಇಲ್ಲದೆ ಚಲಾಯಿಸುತ್ತಿದ್ದೆ. ಹಾಗಾಗಿ ಸೌಟಿನ ನಂತರ ಜರಡಿ ಹೋದದ್ದು, ಜರಡಿಯ ಹಿಂದೆಯೇ ಮುದ್ದೆ ತಿರುವುವ ಕೋಲು ಹೋದದ್ದು, ಯುಗಾದಿಯ ಹೊತ್ತಿಗೆ ಸೋಮವಾರ, ಮಂಗಳವಾರಗಳು ಒಟ್ಟಾಗಿ ಹೋದದ್ದು, ಎಲ್ಲವೂ ನನ್ನ ಗಮನಕ್ಕೆ ಬಂದಿತ್ತು. ಗಮನಕ್ಕೆ ಬಂತು, ಆದರೆ ಅರ್ಥವಾಗಲಿಲ್ಲ. ವಯಸ್ಸಾಯಿತು, ಮರೆವು ಬಂತು ಅಂದುಕೊಂಡೆ. ಅಂದುಕೊಂಡು ಸುಮ್ಮನಿರದೆ ಛೇಡಿಸಿದೆ ಕೂಡ.

ಮರೆವು ಅನ್ನುವುದಕ್ಕೆ ಒಂದು ಅಡ್ಡಿಯಿತ್ತು. ಅವಳು ಏನನ್ನೂ ಮರೆತಿರಲಿಲ್ಲ. ನನ್ನ ಕನ್ನಡಕ ಎಲ್ಲಿದೆ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಂಗಿಯ ಮದುವೆಯಲ್ಲಿ ನನ್ನ ಚಿಕ್ಕಮ್ಮ ಅವಳಿಗೆ ಕೊಟ್ಟ ಸೀರೆಯ ಸೆರಗಿನಲ್ಲಿ ತೂತಿತ್ತು ಎಂಬುದನ್ನು, ತೂತು ಎಂಬ ಮಾತು ಸಿಗದೆ ಹೋದಾಗ, ಹೆಬ್ಬೆರಳು ತೋರುಬೆರಳು ಸೇರಿಸಿ ಅದರೊಳಗಿಂದ ನನ್ನನ್ನು ಇಣುಕಿ ನೋಡಿ ತಿಳಿಸಿದಳು. ದಾರಿ ತಪ್ಪುತ್ತಿರಲಿಲ್ಲ, ಹಾಲು ಉಕ್ಕಿಸುತ್ತಿರಲಿಲ್ಲ. ತರಕಾರಿ ಹೊತ್ತು ತರುತ್ತಿದ್ದ ಹೆಂಗಸಿನ ಬುಟ್ಟಿಯಲ್ಲಿ ಹುಳುಕು ಬದನೆಕಾಯಿಯನ್ನು ಬೆರಳಿನಿಂದ ಹೆಕ್ಕಿ ಪಕ್ಕಕ್ಕಿಟ್ಟು, "ಇದು ನಿನ್ಗೆ" ಅನ್ನುತ್ತಿದ್ದಳು. ಆ ಹೆಂಗಸು, "ನಿಮ್ಮನೆ ಅವ್ವಂಗೆ ಮಾತು ಕಮ್ಮಿ ಆಗೈತೆ, ಕಣ್ಣು ಜಾಸ್ತಿ ಆಗೈತೆ ಕಣ್ರೀ" ಎಂದು ನನ್ನಲ್ಲಿ ದೂರು ಕೊಟ್ಟಳು.

ವಸ್ತುಗಳ ಹೆಸರು ಮಾತ್ರ ಒಂದೊಂದಾಗಿ ರಜೆಯ ಮೇಲೆ ಹೋಗುತ್ತಿದ್ದವು. ಅವಳು ಉಪ್ಪು ಕೇಳುವ ರೀತಿ ಹೀಗಿತ್ತು: "ಆ ಮೇಲಿಂದು, ಬೆಳ್ಳಗಿರೋದು, ಚಿಟಿಕೆ ಹಾಕೋದು, ಇಲ್ದಿದ್ರೆ ನೀವು ಮೂತಿ ತಿರುಗ್ಸೋದು." ಮೂವತ್ತು ವರ್ಷ ಕ್ರಯಪತ್ರಗಳನ್ನು ಓದಿದವನಿಗೆ ಇದು ಪರಿಚಿತ ಬರವಣಿಗೆ. ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು ನಾಲ್ಕು ದಿಕ್ಕಿನ ಚೆಕ್ಕುಬಂದಿಯೂ ಖಚಿತವಾಗಿದೆ. ನಡುವೆ ಇರಬೇಕಾದ ಸ್ವತ್ತು ಮಾತ್ರ ನಾಪತ್ತೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಇದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ನನ್ನ ಹೆಂಡತಿ ನನ್ನ ಹೆಸರು ಹೇಳುವವಳಲ್ಲ. ಅವಳ ಕಾಲದ, ಅವಳ ಊರಿನ ಹೆಂಗಸರು ಯಾರೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಅವಳ ತವರು ಹಳೇಬೀಡು. ಅರವತ್ತೆರಡರಲ್ಲಿ ಮದುವೆಯಾಗಿ ಬಂದ ದಿನ ನನ್ನ ತಂಗಿಯರು ಬಾಗಿಲಿಗೆ ಅಡ್ಡ ನಿಂತು, "ಅಣ್ಣನ ಹೆಸ್ರು ಹೇಳಿದ್ರೇನೇ ಒಳಕ್ಕೆ" ಎಂದು ಹಟ ಹಿಡಿದರು. ಬೇರೆ ಹೆಣ್ಣುಮಕ್ಕಳು ನಾಚಿ ನಾಚಿ ಕೊನೆಗೊಮ್ಮೆ ಉಸುರಿ ಒಳಗೆ ಬರುತ್ತಾರೆ. ಇವಳು ಹೊಸ್ತಿಲ ಹೊರಗೆ ನಿಂತೇ ಇದ್ದಳು. ಬಿಸಿಲು ಏರಿತು, ಅಡುಗೆ ಆರಿತು, ಬಂದ ನೆಂಟರು ಎಲೆ ಮುಂದೆ ಕೂತು ಗೊಣಗಿದರು. ನನ್ನ ತಾಯಿ ಬಂದು ತಂಗಿಯರ ಬೆನ್ನಿಗೆ ಒಂದೊಂದು ಕೊಟ್ಟು, "ಹೆಸ್ರು ಅವ್ನತ್ರಾನೇ ಇರ್ಲಿ, ಬಾರವ್ವ ಒಳಕ್ಕೆ" ಎಂದು ಕರೆದುಕೊಂಡರು. ಅಂದಿನಿಂದ ನನ್ನ ಹೆಸರು ನನ್ನ ಹತ್ತಿರವೇ ಇದೆ.

ಅವಳ ಪಾಲಿಗೆ ನಾನು "ಏನೂಂದ್ರೆ". ಬೇರೆಯವರ ಮುಂದೆ "ನಮ್ಮನೆಯವರು". ನನ್ನ ಹೆಸರು ಒಬ್ಬ ದೇವರದು. ಯಾವ ದೇವರೆಂದು ನಾನೂ ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷದಲ್ಲಿ ನನಗೂ ಅದೇ ಅಭ್ಯಾಸವಾಗಿದೆ. ಆ ದೇವರ ಹೆಸರನ್ನೂ ಅವಳು ಎತ್ತುತ್ತಿರಲಿಲ್ಲ. ಅವನು "ನಿಮ್ಮ ದೇವ್ರು". ಪಕ್ಕದ ಮನೆಯ ಮಗುವಿಗೆ ಅದೇ ಹೆಸರಿಟ್ಟಾಗ ಅವಳು ಆ ಮಗುವನ್ನು "ಪುಟ್ಟಣ್ಣಿ" ಎಂದು ಕರೆದಳು. ಅವನಿಗೆ ಮೀಸೆ ಬಂದು ಕಾಲೇಜಿಗೆ ಹೋಗುವಾಗಲೂ ಹಾಗೇ ಕರೆದಳು.

ತಮಾಷೆಯೆಂದರೆ, ಕಚೇರಿಯಲ್ಲಿ ನನ್ನ ಕೆಲಸವೇ ಹೆಂಗಸರ ಬಾಯಿಂದ ಗಂಡನ ಹೆಸರು ಹೊರಡಿಸುವುದಾಗಿತ್ತು. ಹೆಣ್ಣುಮಗಳು ಪತ್ರಕ್ಕೆ ರುಜು ಹಾಕಬೇಕಾದರೆ ಇಂಥವರ ಹೆಂಡತಿ ಎಂದು ಬಾಯಿಬಿಟ್ಟು ಹೇಳಬೇಕೆಂಬುದು ನಾವು ನಡೆಸಿಕೊಂಡು ಬಂದ ಶಿಸ್ತು. "ಹೇಳಮ್ಮ, ನಾಚ್ಕೋಬೇಡ, ಕೇಳ್ತಿರೋದು ನಾನಲ್ಲ, ಸರ್ಕಾರ" ಅನ್ನುತ್ತಿದ್ದೆ. ಕಣಕಟ್ಟೆಯ ಕಡೆಯ ಒಬ್ಬಾಕೆ ನನ್ನನ್ನೇ ದಬಾಯಿಸಿದಳು: "ಅಲ್ಲೇ ಕಂಬದಂಗೆ ನಿಂತವ್ರಲ್ಲ, ಅವರನ್ನೇ ಕೇಳಿ. ಅವರಿಗೇನು ಬಾಯಿಲ್ವಾ?" ಸಂಜೆ ಮನೆಯಲ್ಲಿ ಇದನ್ನು ವರದಿ ಮಾಡಿದರೆ ನನ್ನ ಹೆಂಡತಿ ಅಕ್ಕಿ ಆರಿಸುತ್ತಲೇ, "ಸರಿಯಾಗೇ ಹೇಳವ್ಳೆ" ಅಂದಳು.

ಇಷ್ಟು ಪೀಠಿಕೆ ಸಾಕು.

ಊರಿನ ಡಾಕ್ಟರು ಮೊದಲು ಟಾನಿಕ್ ಬರೆದುಕೊಟ್ಟರು. ಟಾನಿಕ್ಕಿನಿಂದ ಬಲ ಬಂದು ಅವಳು ಇನ್ನೂ ಗಟ್ಟಿಯಾಗಿ "ಅದು, ಇದು" ಅನ್ನತೊಡಗಿದಳು. ಮಾತಿನ ನಡುವೆ ನಿಂತುಬಿಡುವುದು ಹೆಚ್ಚಾಯಿತು. ಬೇಲೂರಿನಲ್ಲಿ ಹೈಸ್ಕೂಲ್ ಮೇಡಂ ಆಗಿರುವ ನಮ್ಮ ಮಗಳು ಬೇಸಿಗೆ ರಜಕ್ಕೆ ಬಂದವಳು ಎರಡು ದಿನ ತಾಯಿಯನ್ನು ಸುಮ್ಮನೆ ನೋಡಿದಳು. ಮೂರನೆಯ ದಿನ, "ಅಪ್ಪಾ, ನೀವು ನಗಾಡ್ತಾ ಇದೀರಲ್ಲ, ಅಮ್ಮನ ಮುಖ ನೋಡಿದೀರಾ? ಮಾತು ಸಿಗದೇ ಇದ್ದಾಗ ಹೆದರ್ಕೊಳ್ತಾಳೆ" ಅಂದಳು. ನಾನು ಅಂದಿನವರೆಗೂ ಅವಳ ಕೈ ನೋಡುತ್ತಿದ್ದೆ, ಯಾವ ವಸ್ತುವಿನ ಅಭಿನಯವೆಂದು ಊಹಿಸಲು. ಮುಖ ನೋಡಿರಲಿಲ್ಲ.

ತೊಂಬತ್ತೊಂಬತ್ತರ ಆಷಾಢದಲ್ಲಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ನರಗಳ ಡಾಕ್ಟರು ತೀರಾ ಚಿಕ್ಕ ವಯಸ್ಸಿನವರು. ನಮ್ಮ ಮಗಳಿಗಿಂತ ಚಿಕ್ಕವರು. ಚಿತ್ರಗಳ ಪುಸ್ತಕ ತೆರೆದು ಒಂದೊಂದೇ ತೋರಿಸಿದರು. ಬಾಚಣಿಗೆ ಬಂದಾಗ ಅವಳು ತಲೆ ಬಾಚಿ ತೋರಿಸಿದಳು. ಗಡಿಯಾರಕ್ಕೆ ನನ್ನ ಮಣಿಕಟ್ಟು ಹಿಡಿದೆತ್ತಿದಳು. ದೋಣಿಗೆ, "ನಮ್ಮೂರ ಕೆರೇಲಿ... ಹೋಗೋದು" ಅಂದಳು. ಒಂಟೆಯ ಚಿತ್ರವನ್ನು ಬಹಳ ಹೊತ್ತು ನೋಡಿ, ಡಾಕ್ಟರಿಗೆ ಸಮಾಧಾನ ಹೇಳುವಂತೆ, "ನಮ್ಮ ಕಡೆ ಇಲ್ಲ" ಅಂದಳು. ಡಾಕ್ಟರು ಎಲ್ಲದಕ್ಕೂ ತಪ್ಪು ಎಂದು ಗುರುತು ಹಾಕಿಕೊಂಡರು. ಒಂಟೆಗಾದರೂ ಅರ್ಧ ಅಂಕ ಕೊಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಆಮೇಲೆ ನನ್ನ ಕಡೆ ಪೆನ್ನು ತೋರಿಸಿ, "ಇವರು ಯಾರಮ್ಮಾ?" ಅಂದರು.

"ನಮ್ಮನೆಯವ್ರು."

"ಗುಡ್. ಇವರ ಹೆಸರೇನು?"

ಅವಳು ಡಾಕ್ಟರ ಮುಖವನ್ನು, ಮರ್ಯಾದಸ್ಥ ಮನೆಯ ಹುಡುಗ ಹೀಗೆಲ್ಲ ಕೇಳಬಹುದೇ ಎಂಬಂತೆ ನೋಡಿದಳು. ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ಡಾಕ್ಟರು ಮತ್ತೆ ಕೇಳಿದರು. ಅವಳು ಕಿಟಕಿಯ ಕಡೆ ತಿರುಗಿದಳು. ಡಾಕ್ಟರು ತಲೆಯಾಡಿಸುತ್ತ ಬರೆದುಕೊಂಡರು: ಗಂಡನ ಹೆಸರು ಹೇಳಲಾರರು.

ನಾನು ಎದ್ದು ನಿಂತು ತಕರಾರು ದಾಖಲಿಸಿದೆ. "ಸ್ವಾಮಿ, ಇದು ಕಾಯಿಲೆ ಅಲ್ಲ, ಸಂಪ್ರದಾಯ. ಹೇಳಲಾರರು ಅಂತಲ್ಲ, ಹೇಳೋದಿಲ್ಲ ಅಂತ ಬರ್ಕೊಳಿ."

"ಮೊದಲು ಹೇಳ್ತಿದ್ರಾ?"

"ಮೂವತ್ತೇಳು ವರ್ಷದಲ್ಲಿ ಒಂದು ಸಲವೂ ಇಲ್ಲ."

"ಹಾಗಾದ್ರೆ ಈಗ ಅವರಿಗೆ ಗೊತ್ತಿದೆ ಅಂತ ನಿಮಗೆ ಹೇಗೆ ಗೊತ್ತು?"

ಹುಡುಗನ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದರು. ನಾನು ಕೂತುಕೊಂಡೆ.

ಅವಳನ್ನು ಹೊರಗೆ ಕೂರಿಸಿ ಬಂದ ಮೇಲೆ ಅವರು ವಿವರಿಸಿದರು. ಮಿದುಳಿನಲ್ಲಿ ಮಾತಿಗೆಂದು ಇರುವ ಜಾಗ ಸವೆಯುತ್ತಿದೆ. ನೆನಪು, ಬುದ್ಧಿ ಸದ್ಯಕ್ಕೆ ಚೆನ್ನಾಗಿವೆ. ಮೊದಲು ಆಡುವ ಮಾತು ಹೋಗುತ್ತದೆ. ಕೆಲವು ವರ್ಷಗಳ ಮೇಲೆ ಕೇಳಿದ ಮಾತಿನ ಅರ್ಥವೂ ಹೋಗಬಹುದು. ಔಷಧ ಇಲ್ಲ. "ಮಾತಾಡಿಸ್ತಾ ಇರಿ. ಪದ ಸಿಗದೇ ಒದ್ದಾಡಿದ್ರೆ ನೀವೇ ಹೇಳಿಕೊಡಿ. ದಯವಿಟ್ಟು ಪರೀಕ್ಷೆ ಮಾತ್ರ ಮಾಡಬೇಡಿ" ಅಂದರು. ನಾನು ಆಗಲೆಂದು ತಲೆಯಾಡಿಸಿದೆ. ಆ ತಲೆಯಾಡಿಸುವಿಕೆ ಪ್ರಾಮಾಣಿಕವಾಗಿತ್ತು ಎಂದು ಈಗಲೂ ಹೇಳಬಲ್ಲೆ. ತುಮಕೂರಿನವರೆಗೆ ಅದು ಪ್ರಾಮಾಣಿಕವಾಗಿಯೇ ಇತ್ತು.

ತುಮಕೂರು ಬಿಟ್ಟ ಮೇಲೆ ರೈಲಿನಲ್ಲಿ ಅವಳು ಕಡಲೆಕಾಯಿ ಸುಲಿದು ಬೀಜವನ್ನು ನನ್ನ ಕೈಗೆ, ಸಿಪ್ಪೆಯನ್ನು ತನ್ನ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಹುಡುಗನ ಪ್ರಶ್ನೆಯನ್ನೇ ಮೆಲ್ಲುತ್ತಿದ್ದೆ. ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದ ತಾಯಿತಂದೆ ಇಲ್ಲ. ಕಚೇರಿಯಲ್ಲಿ ನಾನು ಗುಮಾಸ್ತರು. ಊರಿಗೆ ರೈಟ್ರು. ಮಗಳಿಗೆ ಅಪ್ಪ, ಭಾವಮೈದುನನಿಗೆ ಭಾವ. ನನ್ನ ಹೆಸರು ಪಿಂಚಣಿ ಪುಸ್ತಕದಲ್ಲಿದೆ, ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆದರೆ ಅಷ್ಟು ವರ್ಷ ಬಾಯಿಗೆ ಬರದ ಹಾಗೆ ಒಬ್ಬಾಕೆ ಅದನ್ನು ಒಳಗೆ ಜೋಪಾನ ಮಾಡಿದ್ದಾಳೆ ಎಂಬುದು ನನಗೆ ಗೊತ್ತಿಲ್ಲದೆಯೇ ನನ್ನ ದೊಡ್ಡ ಹೆಮ್ಮೆಯಾಗಿತ್ತು. ಅದು ಇನ್ನೂ ಅಲ್ಲಿದೆಯೋ, ಸೌಟು ಜರಡಿಗಳ ಜೊತೆ ಹೊರಟುಹೋಗಿದೆಯೋ? ಹೋಗಿದ್ದರೆ ಒಂದು ದಿನ ಅವಳ ಎದುರಿಗೆ ಕೂತಿರುವ ಈ ಮುದುಕ ಯಾರು? ಇದನ್ನು ತಿಳಿಯಬೇಕೆಂಬುದು ಕಾರಣವಿಲ್ಲದ ಆಸೆ ಎಂದು ನನಗೇ ನಾಚಿಕೆಯಾಯಿತು. ತಿಪಟೂರಿನಲ್ಲಿ ನಾಚಿಕೆ ಇಳಿದುಹೋಯಿತು. ಅರಸೀಕೆರೆ ಬರುವ ಹೊತ್ತಿಗೆ ಪತ್ತೆ ಮಾಡಲೇಬೇಕೆಂದು ನಿಶ್ಚಯಿಸಿದ್ದೆ.

ಮರುದಿನ ಕಾಫಿಯ ಹೊತ್ತಿಗೆ ನೇರವಾಗಿಯೇ ಕೇಳಿದೆ. "ಏನೇ, ನನ್ನ ಹೆಸ್ರೇನು?"

ಲೋಟ ಕೆಳಗಿಟ್ಟು ನನ್ನನ್ನು ನೋಡಿದಳು. "ನಿಮ್ಗೆ... ಗೊತ್ತಿಲ್ವಾ?"

"ಗೊತ್ತು. ನಿನಗೆ ಗೊತ್ತಾ ಅಂತ."

"ಥೂ" ಅಂದಳು. ಆ ಮಾತು ಎಲ್ಲಿಗೂ ಹೋಗಿರಲಿಲ್ಲ. ಕೊನೆಯವರೆಗೂ ಕೈಗೆ ಸಿಗುವಂತೆಯೇ ಇತ್ತು.

ನೇರ ಮಾರ್ಗ ಮುಚ್ಚಿದ್ದರಿಂದ ದಾಖಲೆಗಳ ಮಾರ್ಗ ಹಿಡಿದೆ. ಅವಳಿಗೆ ಓದು ಬರುತ್ತಿತ್ತು. ನನ್ನ ಹೆಸರಿಗೆ ಒಂದು ಕಾರ್ಡು, ಬಾಯಿಗೆ ಬಂದ ಇನ್ನೊಬ್ಬರ ಹೆಸರಿಗೆ ಒಂದು ಕಾರ್ಡು ಬರೆದು, ಎರಡಕ್ಕೂ ನಮ್ಮ ಮನೆಯ ವಿಳಾಸವೇ ಹಾಕಿ, ರೈಲ್ವೆ ಸ್ಟೇಷನ್ನಿನ ಡಬ್ಬಿಗೆ ಹಾಕಿ ಬಂದೆ. ನನ್ನದನ್ನು ನನಗೆ ಕೊಟ್ಟು ಇನ್ನೊಂದನ್ನು ಪೋಸ್ಟ್‌ಮ್ಯಾನ್‌ಗೆ ವಾಪಸು ಮಾಡಿದರೆ ಸಾಬೀತಾದಂತೆ. ಎರಡು ದಿನದ ಮೇಲೆ ಎರಡೂ ಬಂದವು. ಅವಳು ಎರಡನ್ನೂ ನನ್ನ ಕಾಫಿ ಲೋಟದ ಪಕ್ಕ ಇಟ್ಟು, ಎರಡರ ಮೇಲೂ ಬೆರಳಿಟ್ಟು, "ನೀವೇ... ನಿಮ್ಗೇ?" ಅಂದಳು. ಮೂವತ್ತೇಳು ವರ್ಷ ನನ್ನ ಕೈಬರಹದಲ್ಲಿ ಸಾಮಾನಿನ ಚೀಟಿ ನೋಡಿದವಳು ಎಂಬುದು ನನಗೆ ಹೊಳೆದಿರಲಿಲ್ಲ. ಅವಳು ಸಂಜೆಯವರೆಗೂ ನನ್ನನ್ನು ಕಂಡಾಗಲೆಲ್ಲ ಗಾಳಿಯಲ್ಲಿ ಬರೆಯುವಂತೆ ಮಾಡಿ, ಡಬ್ಬಿಗೆ ಹಾಕುವಂತೆ ಮಾಡಿ, ನನ್ನ ಹಣೆಗೆ ಮುದ್ರೆ ಒತ್ತಿದಳು.

ಮೂರನೆಯ ಪ್ರಯತ್ನ ಭಾವಮೈದುನನದು. ಅವನು ಹಳೇಬೀಡಿನಿಂದ ಅಕ್ಕನನ್ನು ನೋಡಲು ಬಂದಿದ್ದ. ನನ್ನ ಸಂಕಟ ಕೇಳಿ, "ಅಷ್ಟೇನಾ ಭಾವ? ನನ್ಗೆ ಹೇಳ್ತಾಳೆ ಬಿಡಿ" ಎಂದು ಎದೆ ತಟ್ಟಿಕೊಂಡು ಅಡುಗೆಮನೆಗೆ ಹೋಗಿ, ಕಿವುಡರನ್ನು ಕೇಳುವಂತೆ ಕಿರುಚಿದ: "ಅಕ್ಕಾ! ಭಾವನ ಹೆಸ್ರೇನಕ್ಕಾ?" ಒಂದು ಸದ್ದು ಕೇಳಿತು. ಹೊರಗೆ ಬಂದವನ ತಲೆಯ ಮೇಲೆ ರಾಗಿಹಿಟ್ಟಿನಲ್ಲಿ ಐದೂ ಬೆರಳು ಮೂಡಿದ್ದವು. "ಅವಳಿಗೇನೂ ಆಗಿಲ್ಲ ಕಣ್ ಭಾವ" ಎಂದು ವರದಿ ಕೊಟ್ಟ.

ಇದೆಲ್ಲ ಮಗಳ ಕಿವಿಗೆ ಬಿತ್ತು. ಬೇಲೂರಿನಿಂದ ಫೋನು ಬಂತು. "ಅಪ್ಪಾ, ಡಾಕ್ಟ್ರು ಏನು ಹೇಳಿದ್ರು? ನೀವು ಏನು ಮಾಡ್ತಿದೀರಾ? ಅಮ್ಮ ಏನು ನಿಮ್ಮ ಆಫೀಸಿಗೆ ಹೆಬ್ಬೆಟ್ಟು ಒತ್ತೋಕೆ ಬಂದಿದಾಳಾ?" ಮಗಳು ಗಂಡನನ್ನು ಹೆಸರು ಹಿಡಿದೇ ಕರೆಯುವವಳು, ಮಹಡಿಯಿಂದ ಕರೆದರೆ ಬೀದಿಯ ಆಚೆ ತುದಿಯಲ್ಲಿರುವ ಅವನಿಗೆ ಕೇಳುತ್ತದೆ. ಅವಳಿಗೆ ಇದನ್ನು ಹೇಗೆ ತಿಳಿಸುವುದು? "ಇನ್ನು ಮಾಡಲ್ಲಮ್ಮ" ಅಂದೆ. ಮಾಡಲೂ ಇಲ್ಲ, ಹತ್ತಿರ ಹತ್ತಿರ ಎರಡು ವರ್ಷ.

ಆ ಎರಡು ವರ್ಷದಲ್ಲಿ ಮಾತು ಇನ್ನಷ್ಟು ಕರಗಿತು. "ಏನೂಂದ್ರೆ" ಮೊದಲು "ಏನು" ಆಯಿತು, ಆಮೇಲೆ "ಏ" ಆಯಿತು. ಮದುವೆಯ ಹೊಸದರಲ್ಲಿ ಹಾಗೆ ಕರೆದಿದ್ದರೆ ನನ್ನ ತಾಯಿ ಪಂಚಾಯಿತಿ ಸೇರಿಸುತ್ತಿದ್ದರು. ಈಗ ನಾನು ಆ "ಏ"ಗೆ ಮನೆಯ ಯಾವ ಮೂಲೆಯಿಂದಾದರೂ ಎದ್ದು ಓಡುತ್ತಿದ್ದೆ. ಪದ ಹೇಳಿಕೊಡುವುದನ್ನು ಕಲಿತೆ. ತಪ್ಪು ಪದ ಹೇಳಿಕೊಟ್ಟು ಬೈಸಿಕೊಳ್ಳುವುದನ್ನೂ ಕಲಿತೆ. ಅವಳು ತೆಂಗಿನಕಾಯಿ ಬೇಕೆಂದು ತುರಿಯುವ ಅಭಿನಯ ಮಾಡಿದರೆ ನಾನು ಬೇಕೆಂದೇ, "ಏನು, ಬೆನ್ನು ಕೆರೀಬೇಕಾ?" ಅನ್ನುವುದು, ಅವಳು ನಗುವುದು, ದಿನಕ್ಕೊಂದು ಸಲವಾದರೂ ನಡೆಯುತ್ತಿತ್ತು. ಒಬ್ಬಳೇ ಇದ್ದಾಗ ಅವಳು ಗೋಡೆಯ ಕಡೆ ನೋಡುತ್ತ ತುಟಿ ಅಲ್ಲಾಡಿಸುವುದನ್ನೂ ನಾನು ಕಂಡಿದ್ದೇನೆ. ಯಾವುದನ್ನು ಹುಡುಕುತ್ತಿದ್ದಳೋ ತಿಳಿಯದು. ಆಗ ನಾನು ಛೇಡಿಸುತ್ತಿರಲಿಲ್ಲ.

ಮುಂದೆ ಕೇಳಿದ ಮಾತಿನ ಅರ್ಥವೂ, ಡಾಕ್ಟರು ಹೇಳಿದ್ದಂತೆಯೇ, ಹೋಯಿತು. ಅದನ್ನು ಬರೆಯಲು ಕೂತಿಲ್ಲ. ಅದು ಹೋಗುವ ಮುಂಚೆ ಬೇಲೂರಿನಲ್ಲಿ ನಡೆದದ್ದನ್ನು ಬರೆಯಬೇಕೆಂದೇ ಕೂತದ್ದು.

ಎರಡು ಸಾವಿರದ ಒಂದರಲ್ಲಿ ನನಗೆ ಅರವತ್ತೈದು ತುಂಬಿತು. ಹುಟ್ಟಿದ ದಿನವನ್ನು ಆಚರಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಮಗಳು ನಮ್ಮಿಬ್ಬರನ್ನು ಬೇಲೂರಿಗೆ ಕರೆಸಿಕೊಂಡು, ದೇವಸ್ಥಾನದಲ್ಲಿ ನನ್ನ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸೋಣ ಅಂದಳು. ಹಣ್ಣುಕಾಯಿಯ ತಟ್ಟೆಯನ್ನು ನನ್ನ ಹೆಂಡತಿ ತಾನೇ ಹಿಡಿಯುತ್ತೇನೆಂದು ಕಿತ್ತುಕೊಂಡಳು.

ಮಹಾದ್ವಾರ ದಾಟಿ ಅಂಗಳಕ್ಕೆ ಕಾಲಿಟ್ಟೊಡನೆ ಒಬ್ಬ ಗೈಡು ನನ್ನನ್ನು ಪ್ರವಾಸಿಯೆಂದು ಭಾವಿಸಿ ಗಂಟುಬಿದ್ದ. ಹಳೇಬೀಡಿನ ಅಳಿಯನಿಗೆ ಬೇಲೂರು ತೋರಿಸುವೆನೆನ್ನುತ್ತಾನಲ್ಲ ಎಂದು ನನಗೆ ರೇಗಿತು. ಅವನಿಗೆ ಹೊಯ್ಸಳರ ಬಗ್ಗೆ ನಾನೇ ಸ್ವಲ್ಪ ತಿಳಿಸಿಕೊಡತೊಡಗಿದೆ. ಮಗಳು, "ಅಪ್ಪಾ, ಸಾಕು ಬನ್ನಿ" ಎಂದು ನನ್ನ ಶಲ್ಯ ಎಳೆದಳು. ನಾನು ಒಂದೇ ಒಂದು ಮಾತು ಎಂದು ಇನ್ನೂ ಏಳೆಂಟು ಹೇಳಿದೆ. ತಿರುಗಿ ನೋಡಿದರೆ ತಟ್ಟೆ ಹಿಡಿದವಳು ಇಲ್ಲ.

ಗಾಬರಿಯಿಂದ ಒಳಗೆ ಓಡಿದೆವು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗಿನ ಕತ್ತಲು ಹೊಂದಿಕೊಂಡಾಗ, ಸಾಲಿನ ತಲೆಯಲ್ಲಿ ಅರ್ಚಕರ ಎದುರಿಗೆ ಅವಳು ನಿಂತಿದ್ದದ್ದು ಕಂಡಿತು. ವಯಸ್ಸಾದ ಅರ್ಚಕರು ತಟ್ಟೆಗೆ ಕೈ ಚಾಚಿ ಕೇಳುತ್ತಿದ್ದರು, "ಯಾರ ಹೆಸರಲ್ಲಮ್ಮಾ ಅರ್ಚನೆ?"

ಮಗಳು ಮುಂದೆ ನುಗ್ಗಿದಳು. ನಾನು ಅವಳ ಕೈ ಹಿಡಿದೆ.

"ಒಂದ್ ನಿಮಿಷ."

"ಅಪ್ಪಾ, ಬಿಡಿ, ಅಮ್ಮಂಗೆ ಹೇಳೋಕಾಗಲ್ಲ."

"ಒಂದೇ ನಿಮಿಷ ಕಣಮ್ಮ."

ಅಲ್ಲಿ ದಪ್ಪನೆಯ ಒಂದು ಕಂಬವಿದೆ. ಶಿಲ್ಪಿಗಳು ಯಾವ ಉದ್ದೇಶಕ್ಕೆ ಅಷ್ಟು ನುಣುಪಾಗಿ ಕಡೆದರೋ ಬಲ್ಲವರು ಹೇಳಲಿ. ಆ ಬೆಳಿಗ್ಗೆ ಅದು ಒಬ್ಬ ನಿವೃತ್ತ ಗುಮಾಸ್ತನನ್ನು ಮರೆಮಾಡಲು ಉಪಯೋಗವಾಯಿತು. ಮಗಳು ನನ್ನನ್ನು ನೋಡಿದ ನೋಟ ಅವಳ ತಾಯಿಯದೇ.

"ಅವ್ರು..." ಅಂದಳು ನನ್ನ ಹೆಂಡತಿ. "ನಮ್... ಅವ್ರು..."

"ಯಜಮಾನ್ರಾ? ಸರಿ. ಹೆಸರು ಹೇಳಿ."

ಅವಳ ತುಟಿ ಆಡಿತು. ಶಬ್ದ ಬರಲಿಲ್ಲ. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಎಲ್ಲ ದೇವಸ್ಥಾನಗಳಲ್ಲೂ ಈ ಘಟ್ಟ ಬಂದಾಗ ಅವಳು ಪಕ್ಕದಲ್ಲಿದ್ದವರನ್ನು ಮೊಳಕೈಯಿಂದ ತಿವಿಯುತ್ತಿದ್ದಳು, ಅವರು ಹೇಳುತ್ತಿದ್ದರು. ಇಂದು ತಿವಿಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇರಬೇಕಾದವನು ಕಂಬದ ಹಿಂದಿದ್ದ. ತಟ್ಟೆಯಲ್ಲಿ ತೆಂಗಿನಕಾಯಿ ಸಣ್ಣಗೆ ಉರುಳಾಡಿದ್ದು ನನಗೆ ಕಂಡಿತು.

ಹಿಂದಿನಿಂದ ಜಾವಗಲ್ಲಿನ ಕಡೆಯವನೊಬ್ಬ, "ಬೇಗ ಹೇಳವ್ವ, ನಮ್ಗೆ ಬಸ್ಸೈತೆ" ಅಂದ.

ಆಗಲೇ ನಾನು ಹೊರಗೆ ಬಂದು ಪಕ್ಕ ನಿಂತೆ ಎಂದು ಬರೆಯಲು ನನಗೆ ತುಂಬಾ ಇಷ್ಟವಿದೆ. ಬರಲಿಲ್ಲ. ಅರ್ಚಕರು ನನಗಿಂತ ಒಳ್ಳೆಯವರಾಗಿದ್ದರು.

"ಗಂಡನ ಹೆಸರು ಹೇಳೋಕೆ ಸಂಕೋಚ ಅಲ್ವೇನಮ್ಮಾ? ನಮಗೇನು ಇದು ಹೊಸದಲ್ಲ. ನಾನೇ ಒಂದೊಂದಾಗಿ ಹೇಳ್ತೀನಿ. ನಿಮ್ಮವರದ್ದು ಬಂದಾಗ ಗೊತ್ತಾಗುತ್ತೆ" ಎಂದು, ತಟ್ಟೆಯನ್ನು ತಾವೇ ಒಂದು ಕೈಯಲ್ಲಿ ಆಧರಿಸಿ ಹಿಡಿದು, ಶುರು ಮಾಡಿದರು.

ಮೊದಲು ಅಲ್ಲೇ ಗರ್ಭಗುಡಿಯಲ್ಲಿ ನಿಂತಿದ್ದವನ ಹೆಸರು ಹೇಳಿದರು. ಅವಳು ಅರ್ಚಕರ ಮುಖವನ್ನೇ ನೋಡುತ್ತ ತಲೆ ಅಡ್ಡಡ್ಡ ಆಡಿಸಿದಳು. ಎರಡನೆಯದೂ ಅಲ್ಲ. ಮೂರನೆಯದು ನನ್ನ ಹಳೆಯ ಮೇಲಧಿಕಾರಿಯೊಬ್ಬರ ಹೆಸರು. ಆತನ ವಿಷಯವಾಗಿ ನಾನು ಹನ್ನೊಂದು ವರ್ಷ ಪ್ರತಿ ಸಂಜೆ ಅವಳ ಮುಂದೆ ಹಲ್ಲು ಕಡಿದಿದ್ದೆ. ಅವಳ ಮೂಗು ಸೊಟ್ಟಗಾಯಿತು. ಕಂಬದ ಹಿಂದಿನಿಂದ ನಾನು ಕತ್ತು ಚಾಚಿದೆ. ಹಾಗಾದರೆ ಹೆಸರುಗಳು ಒಳಗೆ ತಲುಪುತ್ತಿವೆ! ನಾಲ್ಕನೆಯದು ಅಲ್ಲ. ಐದನೆಯದು ಅವಳ ತಮ್ಮನದು. "ಅಯ್ಯೋ!" ಎಂದು ನಕ್ಕು, ಜೋರಾಗಿ ತಲೆ ಕೊಡವಿದಳು. ಸಾಲಿನಲ್ಲಿದ್ದವರೂ ಸ್ವಲ್ಪ ನಕ್ಕರು.

ಆರನೆಯದು ನನ್ನದು.

ಅವಳು ತಲೆಯಾಡಿಸಲಿಲ್ಲ. ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ಅಷ್ಟು ಹೊತ್ತು ಅರ್ಚಕರ ಮುಖದ ಮೇಲಿದ್ದ ಕಣ್ಣು ತಟ್ಟೆಗೆ ಇಳಿಯಿತು. ಬಲಗೈ ಮೇಲೆದ್ದು ಸೆರಗನ್ನು ಭುಜದ ಸುತ್ತ ಎಳೆದುಕೊಂಡಿತು. ಆಮೇಲೆ ಅವಳು ತಟ್ಟೆಯಲ್ಲಿ ಸರಿಯಾಗಿಯೇ ಇದ್ದ ವೀಳ್ಯದೆಲೆಯನ್ನು ಸರಿಮಾಡುವುದರಲ್ಲಿ ಮಗ್ನಳಾಗಿಬಿಟ್ಟಳು.

"ಅದೂ ಅಲ್ವಂತೆ, ಮುಂದಿಂದು ಹೇಳಿ ಸ್ವಾಮಿ" ಅಂದ ಜಾವಗಲ್ಲಿನವನು.

"ಸುಮ್ನಿರಯ್ಯಾ, ಇದೇ ಹೆಸರು" ಅಂದರು ಅರ್ಚಕರು. "ಬೇರೆಯವರ ಹೆಸರಿಗೆಲ್ಲ ನನ್ನ ಮುಖ ನೋಡ್ತಿದ್ರು. ಗಂಡನ ಹೆಸರಿಗೆ ಯಾರು ಮುಖ ನೋಡ್ತಾರೆ?" ಎಂದು ತಟ್ಟೆ ತೆಗೆದುಕೊಂಡು, ನನ್ನ ಹೆಸರನ್ನು ಸಂಸ್ಕೃತಕ್ಕೆ ತಕ್ಕಂತೆ ಉದ್ದ ಮಾಡಿ, ಗಟ್ಟಿಯಾಗಿ ಹೇಳುತ್ತ ಒಳಗೆ ನಡೆದರು. ಅವಳು ಇನ್ನೂ ತಲೆ ತಗ್ಗಿಸಿಯೇ ನಿಂತಿದ್ದಳು. ಕೆನ್ನೆಯಲ್ಲಿ ನಗು ಇತ್ತು.

ಮಗಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈ ಹೊರಗೆ ಎಳೆದುಕೊಂಡಳು. ಮಣಿಕಟ್ಟಿನಲ್ಲಿ ಬಳೆ ಒತ್ತಿದ ಗುರುತಿತ್ತು. ಅಷ್ಟು ಬಿಗಿಯಾಗಿ ಹಿಡಿದಿದ್ದೆನೆಂದು ನನಗೆ ಆಗಲೇ ತಿಳಿದದ್ದು. ಅವಳು ಬೈಯಲಿಲ್ಲ. "ಹೋಗಿ ಅಪ್ಪಾ ಈಗಲಾದ್ರೂ" ಅಂದಳಷ್ಟೆ.

ಹೋದೆ. ಹೊರಗಿನಿಂದ ಈಗ ತಾನೇ ಬಂದವನ ಮುಖ ಮಾಡಿಕೊಂಡು ಹೋದೆ. ಅವಳು ನನ್ನನ್ನು ನೋಡಿದ ಕ್ಷಣ ಮುಖ ಅರಳಿತು. ಆಮೇಲೆ ನಾನು ಬಂದ ದಿಕ್ಕನ್ನು ನೋಡಿದಳು. ಬಾಗಿಲು ಒಂದು ಕಡೆ, ನಾನು ಬಂದದ್ದು ಇನ್ನೊಂದು ಕಡೆ. ಕಂಬವನ್ನು ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಕಂಬವನ್ನು ನೋಡಿದಳು.

"ಅಲ್ಲಿ..." ಅಂದಳು. "ನೀವು... ಅಲ್ಲಿ... ನಿಂತ್ಕೊಂಡು!"

ಆ ವರ್ಷ ಅವಳು ಒಂದೇ ಸಲಕ್ಕೆ ಆಡಿದ ಅತಿ ಉದ್ದದ ಮಾತು ಅದಾಗಿರಬೇಕು. ಆರೋಪಪಟ್ಟಿಯಲ್ಲಿ ಇನ್ನೇನೂ ಸೇರಿಸಬೇಕಾಗಿರಲಿಲ್ಲ. "ಹೂಂ ಕಣೇ" ಎಂದು ಒಪ್ಪಿಕೊಂಡೆ.

ಅರ್ಚಕರು ತಟ್ಟೆ ಹಿಂದಿರುಗಿಸಿದರು. ಅವಳು ಅಲ್ಲೇ ಪಕ್ಕಕ್ಕೆ ಸರಿದು ನಿಂತು ಪ್ರಸಾದ ಹಂಚತೊಡಗಿದಳು. ಮೊದಲು ಮಗಳಿಗೆ. ಆಮೇಲೆ ಜಾವಗಲ್ಲಿನವನಿಗೆ, ಅವನು ಬಸ್ಸಿನ ಅವಸರದಲ್ಲೂ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಆಮೇಲೆ, ಒಬ್ಬ ವಿದೇಶಿ ಹೆಂಗಸನ್ನು ಕರೆತಂದಿದ್ದ ಆ ಗೈಡಿಗೆ. ಆಮೇಲೆ ಆ ವಿದೇಶಿ ಹೆಂಗಸಿಗೆ. ಬಾಳೆಹಣ್ಣಿನ ತುಂಡನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ನಿಂತಾಗ, ನನ್ನ ಹೆಂಡತಿ ಬಾಯಿಗೆ ಕೈಯಿಟ್ಟು ತಿನ್ನುವುದನ್ನು ಅಭಿನಯಿಸಿ ತೋರಿಸಿದಳು. ಮಾತು ಬೇಕಾಗಿಯೇ ಇರಲಿಲ್ಲ.

ನಾನು ಮೊದಲಿನಿಂದಲೂ ಬಲಗೈ ಚಾಚಿಕೊಂಡೇ ನಿಂತಿದ್ದೆ. ಅವಳಿಗೆ ನಾನು ಕಾಣಿಸುತ್ತಿರಲಿಲ್ಲ. ಗರ್ಭಗುಡಿಯ ಕಡೆ ನೋಡಿದಳು, ಮೇಲಿನ ಕೆತ್ತನೆ ನೋಡಿದಳು, ಮೂವತ್ತೊಂಬತ್ತು ವರ್ಷದಲ್ಲಿ ಎಂದೂ ನೋಡದಷ್ಟು ಆಸಕ್ತಿಯಿಂದ ಅದನ್ನು ನೋಡಿದಳು.

"ಅಮ್ಮಾ, ಅಪ್ಪಂಗೆ" ಅಂದಳು ಮಗಳು.

"ಇರ್ಲಿ" ಅಂದಳು. ಸ್ಪಷ್ಟವಾಗಿ.

ಜನ ಬಂದರು, ಹೋದರು. ನನ್ನ ಕೈ ಸೋತು ಎಡಗೈ ಆಸರೆ ಕೊಟ್ಟುಕೊಂಡೆ. ಒಬ್ಬಾಕೆ ನನ್ನನ್ನು ಭಿಕ್ಷುಕನೆಂದುಕೊಂಡು ಅನುಮಾನದಿಂದ ನೋಡಿ ದಾಟಿದಳು. ನನ್ನ ಹೆಂಡತಿ ಅದನ್ನು ಓರೆಗಣ್ಣಿನಲ್ಲಿ ಕಂಡು ತುಟಿ ಕಚ್ಚಿಕೊಂಡಳು. ಕೊನೆಗೆ, ಸಾಕೆಂದು ಅವಳಿಗೇ ಅನ್ನಿಸಿದಾಗ, ತಟ್ಟೆಯಲ್ಲಿ ಉಳಿದಿದ್ದ ಕಾಯಿಯ ಹೋಳುಗಳಲ್ಲಿ ದೊಡ್ಡದನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟು, ಕೈಯನ್ನು ಮುಚ್ಚಿದಳು.

"ತಿನ್ನಿ" ಅಂದಳು.